ಗುಂಜಿಯ ಮಳೆ, ಒಂದೇ ಫ್ಲಾಪಿ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಬೆಳಗಾವಿಯ ಒಂದು ಪತ್ರಿಕೆಯಲ್ಲಿ ವರದಿಗಾರ. ಖಾನಾಪುರ ಕಡೆಯ ಮಳೆಯ ಲೆಕ್ಕಕ್ಕೆ ನಾನು ನೆಚ್ಚಿಕೊಂಡಿದ್ದು ಯಾವ ಕಚೇರಿಯನ್ನೂ ಅಲ್ಲ, ಗುಂಜಿಯಲ್ಲಿದ್ದ ಒಬ್ಬ ನಿವೃತ್ತ ಸ್ಟೇಶನ್ ಮಾಸ್ತರರನ್ನು. ಅವರು ಅಂಗಳದಲ್ಲಿ ಮಳೆಮಾಪಕ ನೆಟ್ಟು, ವರ್ಷಗಟ್ಟಲೆ ಒಂದು ದಿನವೂ ಬಿಡದೆ ಅಳೆದು ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟಿದ್ದರು.

ಅದನ್ನೆಲ್ಲ ಕಂಪ್ಯೂಟರಿಗೆ ಹಾಕಿಸುವ ಆಸೆ ಹುಟ್ಟಿಸಿದವನು ನಾನೇ. ಬೆಳಗಾವಿ ಕೋಟೆಯ ಹತ್ತಿರ ಹೊಸದಾಗಿ ಒಂದು ಕಂಪ್ಯೂಟರ್ ಕ್ಲಾಸು ಶುರುವಾಗಿತ್ತು. ಎರಡು ಯಂತ್ರ, ಚಪ್ಪಲಿ ಮೆಟ್ಟಿಲ ಮೇಲೆ ಬಿಡಬೇಕು. ಅಲ್ಲಿ ಕಲಿಸುತ್ತಿದ್ದ ಯುವತಿ ಒಂದು ಬೇಸಿಗೆ ಪೂರ್ತಿ ಕೂತು ಮಾಸ್ತರರ ಅಂಕಿಗಳನ್ನೆಲ್ಲ ಟೈಪು ಮಾಡಿ, ಒಂದು ಫ್ಲಾಪಿಗೆ ಇಳಿಸಿ, ಡಬ್ಬಿಯಲ್ಲಿ ಎತ್ತಿಟ್ಟರು.

ದಸರೆಯ ನಂತರ ಆ ಯಂತ್ರಗಳ ಪರದೆಯ ಮೇಲೆ ಪುಟ್ಟ ಚುಕ್ಕೆಯೊಂದು ಚೆಂಡಿನಂತೆ ಪುಟಿಯತೊಡಗಿತು. ಬರುತ್ತಿದ್ದುದು ಪ್ರತಿ ಅರ್ಧ ಗಂಟೆಗೆ, ಗಡಿಯಾರ ನೋಡಿದಂತೆ ಸರಿಯಾಗಿ. ವಿದ್ಯಾರ್ಥಿಗಳು ಪಾಠ ಬಿಟ್ಟು ಅದನ್ನು ನೋಡಲು ಸೇರುತ್ತಿದ್ದರು. ಒಮ್ಮೆ ಮಾಸ್ತರರೂ ಇದ್ದರು.

"ಏನ್ರಿ ಅಕ್ಕೋರ, ನಮ್ಮ ಪ್ಯಾಸೆಂಜರ್ ಗಾಡಿಗಿಂತ ಇದ ಟೈಮಿಗೆ ಸರಿ ಬರ್ತೈತಿ!" ಎಂದರು.

ಅದು ವೈರಸ್ಸು ಎಂದು ಯಂತ್ರ ಮಾರಿದವರು ಫೋನಿನಲ್ಲಿ ಹೇಳಿದಾಗ ನಗು ನಿಂತಿತು. ಯಾರೋ ತಂದ ಆಟದ ಫ್ಲಾಪಿಯಿಂದ ಹೊಕ್ಕಿತ್ತು. ಇನ್ನು ಯಂತ್ರಕ್ಕೆ ಹಾಕಿದ ಪ್ರತಿ ಫ್ಲಾಪಿಗೂ ಹತ್ತುತ್ತದಂತೆ. ಅದು ಏನೇನು ಅಳಿಸೀತು ಎಂಬುದು ನಮಗಾರಿಗೂ ತಿಳಿಯದು.

"ಕಾಕಾ, ನಿಮ್ಮ ಫ್ಲಾಪಿ ಮೊದಲ ಎತ್ತಿಟ್ಟೇನಿ, ಅದಕ್ಕ ಹತ್ತಿಲ್ಲ. ಆದ್ರೂ ನೋಟ್‌ಬುಕ್ ಜ್ವಾಪಾನ ಇಟ್ಕೋರಿ," ಎಂದರು ಟೀಚರು.

ಮಾಸ್ತರರು ನನ್ನ ಮುಖ ನೋಡಿದರು. "ಕಂಪ್ಯೂಟರಿನ್ಯಾಗ ಹಾಕಿದ್ವಿ ಅಂದ್ರ ನೋಟ್‌ಬುಕ್ಕಿನ ಕೆಲಸ ಮುಗೀತು ಅಂತ ತಿಳ್ಕೊಂಡೆ. ಶ್ರಾವಣದಾಗ ಕಟಗಿ ಎಲ್ಲಾ ಹಸಿ ಇದ್ವು. ನೀರ ಕಾಸಾಕ ಒಂದೊಂದ ಪುಸ್ತಕ ಒಲಿಗೆ..."

"ಎಲ್ಲಾನೂ?" ಎಂದೆ.

"ಮಳಿ ಲೆಕ್ಕ ಬರೆದಿಟ್ಟ ಪುಸ್ತಕ, ಆದ್ರೂ ಚಲೋ ಉರೀತಿತ್ತು."

ಹೀಗಾಗಿ ಗುಂಜಿಯ ಅಷ್ಟು ವರ್ಷದ ಮಳೆ ಆ ಒಂದೇ ಫ್ಲಾಪಿಯಲ್ಲಿ ಉಳಿದಿತ್ತು. ನಕಲು ಮಾಡದೆ ಇಟ್ಟರೆ ಬೂಷ್ಟು ಹಿಡಿದೀತು. ನಕಲು ಮಾಡಲು ಯಂತ್ರಕ್ಕೆ ಹಾಕಿದರೆ ವೈರಸ್ಸು ಹತ್ತೀತು.

ಫ್ಲಾಪಿಯ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಇರುತ್ತದೆ. ಅದನ್ನು ಮುಚ್ಚಿದರೆ ಯಂತ್ರ ಓದಬಲ್ಲದು, ಬರೆಯಲಾರದು. ಮುಚ್ಚಲು ಡಬ್ಬಿಯೊಂದಿಗೆ ಬಂದ ಚೀಟಿಗಳು ಮುಗಿದಿದ್ದವು. ನಾನು ನಮ್ಮ ಕಚೇರಿಯಿಂದ ಪಾರದರ್ಶಕ ಅಂಟುಪಟ್ಟಿ ತಂದೆ. ಟೀಚರು ಆತುರಪಡಲಿಲ್ಲ. ಮೊದಲು ಒಂದು ಖಾಲಿ ಫ್ಲಾಪಿಗೆ ಅದನ್ನು ಅಂಟಿಸಿ, ಬರೆಯುವಂತೆ ಯಂತ್ರಕ್ಕೆ ಹೇಳಿದರು. ಯಂತ್ರ ನಿರಾಳವಾಗಿ ಬರೆಯಿತು.

"ಮುಚ್ಚೇವಲ್ಲ?" ಎಂದೆ.

ಮಾಸ್ತರರು ಫ್ಲಾಪಿಯನ್ನು ಕಿಟಕಿಗೆ ಹಿಡಿದರು. "ಈ ಯಂತ್ರ ಒಳಗ ದೀಪದ ಬೆಳಕಿಲೆ ಕಚ್ಚು ನೋಡ್ತೈತೇನ್ರಿ?"

"ಹೌದ್ರಿ ಕಾಕಾ."

"ಮತ್ತ, ಪೇಪರಿನವ್ರ, ನೀವು ಗೇಟಿಗೆ ಗಾಜ ಹಚ್ಚೀರಿ! ಬೆಳಕ ಹಾದು ಹೊಂಟೈತಿ. ಗೇಟ ತಗದೈತಿ ಅಂತ ತಿಳದು ಯಂತ್ರಕ್ಕ ಲೈನ್ ಕ್ಲಿಯರ್!"

ಅವರ ಕೊಡೆಯ ಹಿಡಿಕೆಗೆ ಕರಿ ಟೇಪು ಸುತ್ತಿತ್ತು. ಅದನ್ನು ಬಿಚ್ಚಿ, ಒಳಸುತ್ತಿನ ಶುಭ್ರ ತುಂಡನ್ನು ಕತ್ತರಿಸಿ ಖಾಲಿ ಫ್ಲಾಪಿಗೆ ಅಂಟಿಸಿದೆವು. ಈ ಸಲ ಯಂತ್ರ ಬರೆಯಲು ಒಪ್ಪಲಿಲ್ಲ. ಮೂರು ಸಲ ಹೇಳಿದರೂ ಒಪ್ಪಲಿಲ್ಲ. ಯಂತ್ರವೊಂದು ಇಲ್ಲ ಎಂದಿದ್ದಕ್ಕೆ ಚಪ್ಪಾಳೆ ಬಿದ್ದದ್ದನ್ನು ನಾನು ಅದೇ ಮೊದಲು ಕಂಡದ್ದು.

ಒಳಗಿನ ವೈರಸ್ಸು ಏಳದಿರಲೆಂದು ಟೀಚರು ಯಂತ್ರವನ್ನು ಪೂರ್ತಿ ಆರಿಸಿ, ಕಂಪನಿಯಿಂದ ಬಂದ ಮೂಲ ಫ್ಲಾಪಿಯಿಂದ ಮತ್ತೆ ಶುರು ಮಾಡಿ, ಕರಿ ಟೇಪು ಹಚ್ಚಿದ ಮಳೆಯ ಫ್ಲಾಪಿಯನ್ನು ಒಳಗೆ ಹಾಕಿದರು. ಮಾಸ್ತರರು ಕುರ್ಚಿಯ ಅಂಚಿಗೆ ಬಂದರು. ಪರದೆಯ ಮೇಲೆ ಅಂಕಿಗಳು ಸಾಲುಸಾಲಾಗಿ ಇಳಿದವು. ಅವರು ಒಂದು ಸಾಲಿನ ಮೇಲೆ ಬೆರಳಿಟ್ಟು, "ಇದು ನಮ್ಮ ಹಂಚು ಹಾರಿಹೋದ ದಿನ. ಖರೇ ಐತಿ," ಎಂದರು.

ಹೊಸ ಫ್ಲಾಪಿಗಳಲ್ಲಿ ಎರಡು ನಕಲು ಇಳಿದವು. ಒಂದು ಕ್ಲಾಸಿನ ಕಪಾಟಿಗೆ. ಇನ್ನೊಂದನ್ನು ಟೀಚರು ಮಾಸ್ತರರ ಕೈಗೆ ಕೊಟ್ಟರು.

"ನಾ ಒಯ್ದು ಏನ್ ಮಾಡ್ಲೆವಾ? ನಮ್ಮ ಗುಂಜ್ಯಾಗ ಒಂದೂ ಕಂಪ್ಯೂಟರ್ ಇಲ್ಲ."

"ಅದಕ್ಕ ಕೊಡಾಕತ್ತೇನ್ರಿ ಕಾಕಾ," ಎಂದರು ಟೀಚರು. "ಅಲ್ಲಿಗೆ ವೈರಸ್ ಬರಾಕ ಇನ್ನೂ ಭಾಳ ವರ್ಷ ಐತಿ."