ಗೌರಕ್ಕನ ಗಾಜಿನ ತಟ್ಟೆ

ಗೌರಕ್ಕನಿಗೆ ಸಿಟ್ಟು ಬಂದರೆ ಗಾಜು ಸದ್ದು ಮಾಡುತ್ತಿರಲಿಲ್ಲ. ಉಳಿದ ದಿನ ನಮ್ಮ ಪ್ರಯೋಗಶಾಲೆಯ ತಟ್ಟೆ, ನಳಿಗೆಗಳನ್ನು ಖಣಖಣ ಬಡಿದೇ ತೊಳೆಯುತ್ತಿದ್ದಳು. ಸಿಟ್ಟು ನೆತ್ತಿಗೇರಿತೆಂದರೆ ಮಾತ್ರ ಕೂಸಿಗೆ ಎರೆಯುವಂತೆ ಒಂದೊಂದನ್ನೇ ಮೆಲ್ಲಗೆ ತೊಳೆಯುವಳು. ಆಗ ನಾವ್ಯಾರೂ ಆ ಕಡೆ ಸುಳಿಯುತ್ತಿರಲಿಲ್ಲ.

ಇದು ಅರವತ್ತರ ದಶಕದ ಮಾತು. ಹುಬ್ಬಳ್ಳಿಯ ಹೊರಗೆ ಬೆಳೆರೋಗಗಳ ಒಂದು ಸಣ್ಣ ಸರಕಾರಿ ಪ್ರಯೋಗಶಾಲೆ. ನಾನು ಆಗಷ್ಟೇ ಸೇರಿದ ಸಹಾಯಕ. ಆಕೆ ಸುಳ್ಳ ಎಂಬ ಹಳ್ಳಿಯಿಂದ ಬಸ್ಸಿಗೆ ಬಂದು ಗಾಜು ತೊಳೆಯುವಾಕೆ. ಕಲಿತವರು ಎಂದು ಯಾರನ್ನೂ ಬಿಟ್ಟವಳಲ್ಲ. ಹೊಸ್ತಿಲು ದಾಟುವುದೇ ತಡ, "ಕೈ ತೊಳ್ಕೊಂಡಿ ಏನೋ ತಮ್ಮಾ? ಬೀದ್ಯಾಗಿನ ಹೊಲಸೆಲ್ಲಾ ನನ್ನ ತಟ್ಟ್ಯಾಗ ತರಬ್ಯಾಡ" ಎನ್ನುವಳು. ತಟ್ಟೆಗಳು ಸರಕಾರದವು, ಆದರೆ ಅವಳ ಬಾಯಲ್ಲಿ ಯಾವತ್ತೂ "ನನ್ನ ತಟ್ಟಿ".

ಒಂದು ದಿನ ತೊಳೆಯಲು ಹಾಕಿದ್ದ ತಟ್ಟೆಯನ್ನು ತಂದು ನನ್ನ ಮೂಗಿಗೆ ಹಿಡಿದಳು. ಮೆಣಸಿನ ಸಸಿಯ ಬುಡ ಕೊಳೆಸುವ ಶಿಲೀಂಧ್ರವನ್ನು ಅದರಲ್ಲಿ ಬೆಳೆಸಿದ್ದೆವು. ಎಲ್ಲಿಂದಲೋ ಒಂದು ಬ್ಯಾಕ್ಟೀರಿಯಾ ಬಿದ್ದು ಮಜ್ಜಿಗೆ ಹನಿಯಂತೆ ಹರಡಿಕೊಂಡಿತ್ತು. ಕೆಟ್ಟ ತಟ್ಟೆ ಎಂದು ನಾನೇ ಅದನ್ನು ಆಚೆಗಿಟ್ಟಿದ್ದೆ.

"ನೋಡಿಲ್ಲಿ. ಬೂಸ್ಟು ಎಲ್ಲಾ ಕಡೆ ಹಬ್ಬೇತಿ, ಇದರ ಹತ್ರ ಬರಾಕ ಮಾತ್ರ ಅಂಜಾಕತ್ತೈತಿ. ನಮ್ಮ ಹೊಲದಾಗ ವರ್ಷಾ ಅಗಿ ಸಾಯತಾವ. ಇದನ್ನ ಬೀಜಕ್ಕ ಹಚ್ಚಿದ್ರ ಹೆಂಗ?"

ಅಗಿ ಎಂದರೆ ನಾಟಿ ಮಾಡುವ ಎಳೆ ಸಸಿ. ಪದವಿ ಹೊತ್ತು ಬಂದ ನನಗೆ ಕಾಣದ್ದು ಅವಳಿಗೆ ಕಂಡಿತ್ತು. ಆಲೂಗಡ್ಡೆ ಬೇಯಿಸಿದ ನೀರಿನಲ್ಲಿ ಆ ಬ್ಯಾಕ್ಟೀರಿಯಾ ಬೆಳೆಸಿ ಕೊಟ್ಟೆ. ಸುಳ್ಳದ ಹೊಲದಲ್ಲಿ ಸಸಿ ಎಬ್ಬಿಸುವ ಒಂದು ಮಡಿಗೆ ಅದನ್ನು ಹಚ್ಚಿದ ಬೀಜ, ಪಕ್ಕದ ಮಡಿಗೆ ಬರೀ ಬೀಜ ಹಾಕಿದಳು. ಬರೀ ಬೀಜದ ಮಡಿಯಲ್ಲಿ ಸಸಿಗಳು ಬುಡ ಕೊಳೆತು ಮಲಗಿದವು. ಇನ್ನೊಂದರಲ್ಲಿ ಒತ್ತಾಗಿ ನಿಂತವು. ಅವನ್ನು ಮಣ್ಣು ಸಮೇತ ಕಿತ್ತು ತಂದು ದೊಡ್ಡ ಸಾಹೇಬರ ಮೇಜಿನ ಮೇಲೇ ಇಟ್ಟಳು. ಸಾಹೇಬರು ಮೂಗು ಮುರಿದರು. ಕೊನೆಗೆ, ನಮ್ಮ ಅಂಗಳದಲ್ಲಿ ಒಂದೇ ಒಂದು ಪ್ರಯೋಗ, ಸೋತರೆ ಆ ಬ್ಯಾಕ್ಟೀರಿಯಾದ ನಳಿಗೆ ಕುದಿಯುವ ನೀರಿಗೆ ಎಂದರು.

ಬೀಜಕ್ಕೆ ಅವಳೇ ಹಚ್ಚಿ, ನೆರಳಲ್ಲಿ ಆರಿಸಿ, ಉಗ್ರಾಣಕ್ಕೆ ಕೊಟ್ಟು ಬಸ್ಸು ಹಿಡಿದಳು. ಮರುದಿನ ಬಿತ್ತುವ ಕೆಲಸ ನನ್ನದು. ಬೀಜದ ರೋಗ ಕೊಲ್ಲುವ ಪಾದರಸದ ಪುಡಿ ಸವರದೆ ಯಾವ ಬೀಜವೂ ಉಗ್ರಾಣ ಬಿಡಬಾರದೆಂದು ಸಾಹೇಬರ ಕಟ್ಟಪ್ಪಣೆ ಇತ್ತು. ಕೈ ರೂಢಿಯ ಮೇಲೆ ಹೋಯಿತು. ಡಬ್ಬಿಗೆ ಹಾಕಿ, ಪುಡಿ ಸುರಿದು, ಗರಗರ ತಿರುಗಿಸಿದೆ. ಮುಚ್ಚಳ ತೆಗೆದ ಮೇಲೆ ನೆನಪಾಯಿತು. ಆ ವಿಷ ಗೌರಕ್ಕನ ಬ್ಯಾಕ್ಟೀರಿಯಾವನ್ನು ಉಳಿಸುವಂಥದ್ದಲ್ಲ. ಆದರೂ ಅದೇ ಬೀಜ ಬಿತ್ತಿದೆ. ಹೇಳಿದರೆ ಹೊಸ ನೌಕರಿಗೆ ಕುತ್ತು ಬರುತ್ತದೆಂಬ ಹೆದರಿಕೆ.

ಪುಡಿ ಕಾಯ್ದದ್ದು ಬೀಜವನ್ನಷ್ಟೇ. ಸಸಿಗಳು ಹುಟ್ಟಿದವು, ಆಮೇಲೆ ಮಣ್ಣಿನ ರೋಗ ತಗಲಿ ಸತ್ತವು. "ಪಾತ್ರಿ ತೊಳಿಯೋರ ಮಾತು ಕೇಳಿದ್ರ ಹಿಂಗ ಆಗೋದು" ಎಂದು ಸಾಹೇಬರು ಎಲ್ಲರೆದುರು ನಕ್ಕರು. ಆ ನಳಿಗೆಯನ್ನು ಅವಳ ಕೈಯಿಂದಲೇ ಕುದಿಯುವ ನೀರಿಗೆ ಹಾಕಿಸಿದರು. ನಾನು ಅಲ್ಲೇ ಬಾಯಿ ಹೊಲಿದುಕೊಂಡು ನಿಂತಿದ್ದೆ. ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ. ಸಾಹೇಬರ ಮೇಲೆ ಎಷ್ಟು ಸಿಟ್ಟು ಮಾಡಲಿ? ಅವರಿಗೆ ಪುಡಿಯ ಸಂಗತಿ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಆ ಮಧ್ಯಾಹ್ನ ರಾಶಿ ತಟ್ಟೆ ತೊಳೆದಳು, ಒಂದೂ ಸದ್ದಾಗಲಿಲ್ಲ. ಸಂಜೆ ನನ್ನ ಮುಂದೆ ಒಂದು ಪೊಟ್ಟಣ ಬಿಚ್ಚಿಟ್ಟಳು. ಬಿತ್ತಿ ಉಳಿದಿದ್ದ ಬೀಜ. ಮೇಲೆ ಪುಡಿ ಹಾಗೇ ಮೆತ್ತಿಕೊಂಡಿತ್ತು.

"ಹೇಳೋದೇನರ ಐತೇನೋ ತಮ್ಮಾ?"

"ಇಲ್ಲಕ್ಕಾ" ಎಂದೆ.

ಮರುದಿನದಿಂದ ಅವಳು ಕೆಲಸಕ್ಕೆ ಬರಲಿಲ್ಲ.

ಎರಡು ವರ್ಷದ ಮೇಲೆ ಹುಬ್ಬಳ್ಳಿ ಸಂತೆಯಲ್ಲಿ ಕಂಡಳು. ಗೋಣಿ ಹಾಸಿ ಮೆಣಸಿನ ಅಗಿ ಮಾರುತ್ತಿದ್ದಳು. ಪಕ್ಕದವರವು ಬಾಡಿ ಬಿದ್ದಿದ್ದರೆ ಇವಳವು ನೆಟ್ಟಗೆ ನಿಂತಿದ್ದವು. "ಹಳೇ ಮಡಿ ಮಣ್ಣ ಹೊಸಾ ಮಡಿಗೆ ಬೆರಸ್ತೇನ್ರಿ, ಅದಕ್ಕ ಸಾಯೂದಿಲ್ಲ" ಎಂದು ಗಿರಾಕಿಯೊಬ್ಬನಿಗೆ ಹೇಳುತ್ತಿದ್ದಳು. ಕುದಿಸಿ ಕೊಂದದ್ದು ಅವಳ ಮಣ್ಣಿನಲ್ಲಿ ಬದುಕಿರಬೇಕು. ನಾನು ಎದುರಿಗೆ ಕುಕ್ಕರಗಾಲಲ್ಲಿ ಕುಳಿತೆ.

"ಅಕ್ಕಾ, ಆ ಪುಡಿ ಹಾಕಿದಾಂವ ನಾನ. ಅವತ್ತ ಬಾಯಿ ಬಿಡಲಿಲ್ಲ."

"ಗೊತ್ತೈತಿ."

"ಈಗ ಬ್ಯಾರೆ ಸಾಹೇಬ್ರು ಬಂದಾರ. ಒಂದು ಹಿಡಿ ಮಣ್ಣು ಕೊಡು. ನಿನ್ನ ಹೆಸರಿಲೇ ಮತ್ತ ಪ್ರಯೋಗ ಮಾಡತೇನಿ."

ನನ್ನ ಕೈ ನೋಡಿದಳು. "ಕೈ ತೊಳ್ಕೊಂಡ ಬರ್ರಿ ಸಾಹೇಬ್ರ" ಎಂದಳು.

ಅವಳ ಬಾಯಿಂದ ನನಗೆ 'ಸಾಹೇಬ್ರ' ಎಂದು ಬಂದದ್ದು ಅದೇ ಮೊದಲು. ಮೂಲೆಯ ನಳಕ್ಕೆ ಹೋಗಿ ಮೊಣಕೈತನಕ ತಿಕ್ಕಿ ತೊಳೆದುಕೊಂಡೆ. ಒದ್ದೆ ಕೈಯಲ್ಲೇ ಮರಳಿ ಬಂದರೆ ಅಗಿಯೂ ಇಲ್ಲ, ಅವಳೂ ಇಲ್ಲ. ಗೋಣಿ ಹಾಸಿದ್ದ ಜಾಗದಲ್ಲಿ ಬಗ್ಗಿ ನೋಡಿದೆ. ಉದುರಿದ್ದ ಮಣ್ಣನ್ನೂ ಗುಡಿಸಿ ಒಯ್ದಿದ್ದಳು.