ಪೌಡರ್ ಹಾಕಿಕೊಂಡ ಗೊಂಬೆ

ಡೆಟ್ರಾಯಿಟ್ ಸುತ್ತಮುತ್ತ ಕಾರು ಕಂಪನಿಗಳು ಜನರನ್ನು ಸಾಲಾಗಿ ಮನೆಗೆ ಕಳಿಸುತ್ತಿದ್ದ ವರ್ಷ ಅದು. ನಮ್ಮ ಕನ್ನಡ ಕೂಟದ ದೀಪಾವಳಿಗೆ ಬೆಂಗಳೂರಿನಿಂದ ಗಾಯಕರನ್ನು ಕರೆಸುವ ಮಾತೇ ಇರಲಿಲ್ಲ. ಸಮಿತಿಯವರೊಬ್ಬರು ಲೈಬ್ರರಿಯಲ್ಲಿ ಪೋಸ್ಟರ್ ನೋಡಿ, ಗೊಂಬೆಯಾಡಿಸುವ ಜೋಕರ್ ಒಬ್ಬನನ್ನು ಗೊತ್ತು ಮಾಡಿದರು. ಬಲೂನು ತಿರುಚಿ ನಾಯಿ ಮಾಡಿಕೊಡುತ್ತಾನೆ, ಮಕ್ಕಳು ಸ್ವಲ್ಪ ಹೊತ್ತು ಸುಮ್ಮನಿರುತ್ತವೆ ಎಂಬ ಲೆಕ್ಕಾಚಾರ. ಪೋಸ್ಟರನ್ನು ಪೂರ್ತಿ ಓದುವ ವ್ಯವಧಾನ ಯಾರಿಗಿತ್ತು!

ಅವನ ನಂತರ ನನ್ನ ಮಗಳ ಡ್ಯಾನ್ಸ್. ಅವಳಿಗೆ ಆಗ ಎಂಟು ವರ್ಷ, ಬಣ್ಣದಲ್ಲಿ ಥೇಟ್ ನಾನೇ. ಆ ಬಣ್ಣದ ಬಗ್ಗೆ ಮೈಸೂರಿನಲ್ಲಿ ಕೇಳಿಸಿಕೊಂಡದ್ದು ಸಾಲದೆಂದು ಡೆಟ್ರಾಯಿಟ್ ಪಕ್ಕದ ವಿಕ್ಸಮ್‌ಗೆ ಬಂದ ಮೇಲೂ ಅದೇ ರಾಗ. "ಕಪ್ಪಗಿದ್ರೂ ಲಕ್ಷಣವಾಗಿದ್ದಾಳೆ" ಅಂದವರಿಗೆ ಅವರ ಮನೆಯ ಪಾಯಸ ತಿನ್ನುತ್ತಲೇ ನಾಲ್ಕು ಮಾತು ಬಿಗಿದು ಬಂದಿದ್ದೇನೆ.

ಗ್ರೀನ್ ರೂಮಿನಲ್ಲಿ ಮೇಕಪ್ ಮಾಡುವ ಆಂಟಿ ಎಲ್ಲ ಮಕ್ಕಳಿಗೂ ಒಂದೇ ಡಬ್ಬಿಯಿಂದ ಬಿಳಿ ಪೌಡರ್ ಬಳಿಯುತ್ತಿದ್ದರು.

"ಇವಳಿಗೆ ಬೇಡಿ ಆಂಟಿ, ಕಾಡಿಗೆ ಸಾಕು" ಎಂದೆ.

"ಲೈಟ್ ಬಿದ್ರೆ ಮುಖಾನೇ ಕಾಣ್ಸಲ್ಲಮ್ಮ" ಎಂದರು.

ನಾನು ಬಾಯಿ ತೆರೆಯುವ ಮುಂಚೆ ಮಗಳೇ ಅವರಿಗೆ ಮುಖ ಒಡ್ಡಿದಳು. "ಮೋರ್, ಆಂಟಿ, ಪ್ಲೀಸ್. ಲೈಕ್ ದಿ ಅದರ್ ಗರ್ಲ್ಸ್."

ಆಂಟಿಯ ಮೇಲೆ ರೇಗಬಹುದಿತ್ತು, ಮಗುವಿನ ಮೇಲೆ ಹೇಗೆ ರೇಗುವುದು? ಹೋಗಿ ಸಭಾಂಗಣದಲ್ಲಿ ಗಂಡನ ಪಕ್ಕ ಕೂತೆ.

ಜೋಕರ್ ಬಂದ. ಕಪ್ಪು ಅಮೆರಿಕನ್, ಅರವತ್ತರ ಆಸುಪಾಸು, ಕೆಂಪು ಮೂಗು, ಕೈಯಲ್ಲಿ ಹಳೆಯ ಸೂಟ್‌ಕೇಸು. ಬಲೂನು ಒಂದೂ ಇಲ್ಲ. ಸೂಟ್‌ಕೇಸಿನಿಂದ ಆತನ ತಾತನ ಗೊಂಬೆ ಹೊರಬಂತು. ದಕ್ಷಿಣದ ಹತ್ತಿ ಹೊಲ ಬಿಟ್ಟು, ರೈಲು ಹತ್ತಿ, ಡೆಟ್ರಾಯಿಟ್‌ನ ಕಾರ್ಖಾನೆಯ ಬಾಗಿಲು ತಟ್ಟುವ ತಾತ. ಬಾಗಿಲು ಬಿಳಿಯರಿಗೆ ತೆರೆಯುತ್ತಿತ್ತು, ತಾತನ ಮೂಗಿಗೆ ಬಡಿಯುತ್ತಿತ್ತು. ಕೊನೆಗೆ ಸಿಕ್ಕಿದ್ದು ಯಾರಿಗೂ ಬೇಡವಾದ ಕುಲುಮೆಯ ಕೆಲಸ.

"ನಗ್ಸೋಕೆ ಕರೆದ್ರೆ ಹಿಸ್ಟರಿ ಕ್ಲಾಸ್ ತಗೋತಿದಾನಲ್ರೀ!" ಎಂದು ಹಿಂದೆ ಯಾರೋ ಗೊಣಗಿದರು. ಕೆಲಸ ಕಳೆದುಕೊಂಡಿದ್ದ ಗಂಡಸರು ಮಾತ್ರ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ನೋಡುತ್ತಿದ್ದರು. ನನ್ನ ಗಂಡನೂ ಅವರಲ್ಲೊಬ್ಬ.

ಆಮೇಲೆ ಆ ತಾತನ ಮೊಮ್ಮಗಳ ಗೊಂಬೆ. ಶಾಲೆಯಲ್ಲಿ ಬಣ್ಣಕ್ಕಾಗಿ ಅಣಕಿಸಿದರೆಂದು ಅದು ಜೋಕರನ ಪೌಡರ್ ಡಬ್ಬಿಗೇ ಮುಖ ಅದ್ದಿ ಸೀನಿತು. ಮಕ್ಕಳು ಬಿದ್ದು ಬಿದ್ದು ನಕ್ಕವು. ಅಷ್ಟರಲ್ಲಿ ಅಜ್ಜಿ ಗೊಂಬೆ ಮೊಮ್ಮಗಳನ್ನು ಊಟಕ್ಕೆ ಕರೆಯುತ್ತಾ ಬಂತು. ಬಿಳಿ ಮುಖದ ಮುಂದೆಯೇ ಹಾದುಹೋಯಿತು. ಅಲ್ಲೇ ಇದ್ದಾಳೆ, ಅಲ್ಲೇ ಇದ್ದಾಳೆ ಎಂದು ಮಕ್ಕಳು ಇಂಗ್ಲಿಷಿನಲ್ಲಿ ಕೂಗಿಕೊಂಡವು. ಅಜ್ಜಿ ತಿರುಗಿ ನೋಡಿ, ಇದು ನನ್ನ ಮಗು ಅಲ್ಲ, ನನ್ನದು ನನ್ನ ಹಾಗೇ ಇರುತ್ತೆ ಎಂದಿತು. ಹುಡುಕುತ್ತಲೇ ಆಚೆ ಹೋಯಿತು.

ಪರದೆಯ ಸಂದಿಯಲ್ಲಿ ನನ್ನ ಮಗಳ ಪೌಡರ್ ಮೆತ್ತಿದ ಮುಖ ಕಂಡಿತು. ಅವಳೂ ನೋಡುತ್ತಿದ್ದಳು. ಜೋಕರ್ ಕೈಮುಗಿದು ಒಳಗೆ ಹೋದ ತಕ್ಷಣ ಅವಳ ಹತ್ತಿರ ಓಡೋಣವೆಂದು ಎದ್ದೆ. ಆದರೆ ನಿರೂಪಕರು ಆಗಲೇ ಅವಳ ಹೆಸರು ಕೂಗಿಬಿಟ್ಟಿದ್ದರು.

ಪರದೆ ಸರಿಯಿತು. ಹಾಡು ಶುರುವಾದರೂ ಮಗಳು ಕೈ ಎತ್ತಲಿಲ್ಲ. ಲೈಟಿಗೆ ಕಣ್ಣು ಕಿರಿದು ಮಾಡಿಕೊಂಡು ಕತ್ತಲಲ್ಲಿ ನನ್ನನ್ನು ಹುಡುಕುತ್ತಿದ್ದಳು. ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ಹುಡುಗಿ, ಇಡೀ ಸಭೆಗೆ ಕೇಳುವ ಹಾಗೆ ಕನ್ನಡದಲ್ಲಿ ಕೂಗಿದಳು:

"ಅಮ್ಮಾ, ನಾನೇ ಅಮ್ಮಾ!"

ನಿಂತಲ್ಲಿಂದಲೇ ಕಿರುಚಿದೆ: "ಗೊತ್ತು ಕಣೇ! ನೀನು ಸುಣ್ಣದ ಗುಂಡಿಗೆ ಬಿದ್ದು ಬಂದ್ರೂ ನಂಗೆ ಗೊತ್ತಾಗುತ್ತೆ. ಕುಣಿ!"

ಹಾಡನ್ನು ಮೊದಲಿಂದ ಹಾಕಿದರು.