ಅಕ್ಕನ ಕಾರಿಗೆ ದೊಡ್ಡ ಇಂಜಿನ್ ಕೂಡ್ರಿಸಿದ್ದು

ಅಕ್ಕ ಆ ಕಾರನ್ನು ಮೊದಲು ನೋಡಿದ್ದು ಗೋವಾದಲ್ಲಿ, ಯಾರದೋ ಮನೆಯ ಹಿತ್ತಲಲ್ಲಿ. ಊರಿನ ಹೆಣ್ಣುಮಕ್ಕಳ ಜೊತೆ ಸಮುದ್ರ ನೋಡಲು ಹೋದವಳು ಸಮುದ್ರ ಬಿಟ್ಟು ಈ ಕಾರಿನ ಸುದ್ದಿ ಹೊತ್ತುಕೊಂಡು ಅಣ್ಣಿಗೇರಿಗೆ ಬಂದಳು. ಎರಡೇ ಸೀಟು, ಮೇಲೆ ಮಡಚಿ ಇಡುವ ಬಟ್ಟೆಯ ಹೊದಿಕೆ, ನೆಲಕ್ಕೆ ಹೊಟ್ಟೆ ತಾಗುವಷ್ಟು ಗಿಡ್ಡ. ಒಂದು ಕಾಲಕ್ಕೆ ಕೆಂಪಗಿದ್ದದ್ದು ಬಿಸಿಲಿಗೆ ಒಣಮೆಣಸಿನಕಾಯಿ ಬಣ್ಣಕ್ಕೆ ತಿರುಗಿತ್ತು. ಅದರ ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿತ್ತಂತೆ.

"ಲೇ ತಮ್ಮಾ, ಕೋಳಿ ಎಬ್ಬಿಸಿ ನಾ ಕುಂತೆ ನೋಡು. ಮಾಲಕ ನಗಾಕತ್ತಿದ್ದ. ನಗಲಿ, ನಾ ತಗೊಂಡೇ ಬರಾಕಿ" ಅಂದಳು.

ನನ್ನ ಹೆಂಡತಿಯೂ ನಾನೂ ಮುಖ ಮುಖ ನೋಡಿಕೊಂಡೆವು. ಆದರೆ ಅಕ್ಕ ಹೇಳಿದ್ದು ಮಾಡದೆ ಬಿಟ್ಟವಳಲ್ಲ. ಮದುವೆ ಬೇಡ ಅಂದಳು, ಆಗಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಹೊಲ ತಾನೇ ನೋಡುತ್ತೇನೆ ಅಂದಳು, ನೋಡಿದಳು. ಸೀರೆಯ ಮೇಲೆ ಅಪ್ಪನ ಹಳೆಯ ಅಂಗಿ ಹಾಕಿಕೊಂಡು ಟ್ರ್ಯಾಕ್ಟರ್ ಹತ್ತಿದರೆ ಸಾಲು ನೂಲು ಹಿಡಿದಂತೆ ಬರುತ್ತಿತ್ತು. ನಾನು ಹೈಸ್ಕೂಲಿನಲ್ಲಿ ಮಾಸ್ತರ. ಎರೆ ಹೊಲದ ಕೆಸರು ನನ್ನ ಕಾಲಿಗೆ ಹತ್ತಿದ್ದಕ್ಕಿಂತ ಸೀಮೆಸುಣ್ಣ ಕೈಗೆ ಹತ್ತಿದ್ದೇ ಹೆಚ್ಚು. ನನಗೆ ಡ್ರೈವಿಂಗ್ ಕಲಿಸಿದವಳೂ ಅವಳೇ.

ಕಾರು ಒಂದು ಗೂಡ್ಸ್ ಗಾಡಿಯ ಬೆನ್ನೇರಿ ಬಂತು. ಬಂದದ್ದೇನೋ ಸರಿ, ಆದರೆ ಅದಕ್ಕೆ ಓಟವೇ ಇರಲಿಲ್ಲ. ನೋಡಲು ಜಿಗಿಯುವ ಹಾಗಿದ್ದ ಆ ಗಾಡಿಯ ಒಳಗಿದ್ದದ್ದು ಸಣ್ಣ, ಸವೆದ ಇಂಜಿನ್. ಹುಬ್ಬಳ್ಳಿ ರಸ್ತೆಯಲ್ಲಿ ಹತ್ತಿ ಹೇರಿದ ಲಾರಿಯೊಂದನ್ನು ಹಿಂದೆ ಹಾಕಬೇಕಾದರೆ ಅಕ್ಕ ಸ್ಟೇರಿಂಗ್ ಮೇಲೆ ಬಾಗಿ ಗಾಡಿಯನ್ನು ಮೈಯಿಂದ ದೂಡುವವಳಂತೆ ಕೂರುತ್ತಿದ್ದಳು.

"ಇದರ ಮೈ ಹುಲೀದು, ಜೀವ ಬೆಕ್ಕಿಂದು" ಅಂದಳು ಒಂದು ದಿನ. "ಇದಕ್ಕ ದೊಡ್ಡ ಇಂಜಿನ್ ಹಾಕಸ್ತೇನಿ."

ಹುಬ್ಬಳ್ಳಿಯ ಹೊರಗೆ ನಮಗೆ ಗೊತ್ತಿದ್ದ ಒಬ್ಬ ಮಿಸ್ತ್ರಿ ಇದ್ದರು. ನಮ್ಮ ಟ್ರ್ಯಾಕ್ಟರಿನ ಕೆಲಸ ಅವರ ತಂದೆಯ ಕಾಲದಿಂದಲೂ ಅಲ್ಲೇ. ಅಕ್ಕನ ಮಾತು ಕೇಳಿ ಅವರು ತಲೆ ಕೆರೆದುಕೊಂಡರು. "ಆಗತೈತ್ರಿ ಅಕ್ಕಾರ, ಆದ್ರ ಇದು ಅಂಗಿ ಬದಲಿ ಮಾಡಿದಂಗಲ್ಲ. ಹೃದಯಾ ತಗದು ಹೃದಯಾ ಇಡೂದು. ಬಾಜೂಕಿನ ಎಲ್ಲಾ ಬದಲಿ ಆಗತೈತಿ."

"ಆಗಲಿ" ಅಂದಳು ಅಕ್ಕ.

ಅಪಘಾತದಲ್ಲಿ ಹಿಂಭಾಗ ಜಜ್ಜಿಹೋಗಿದ್ದ ಒಂದು ದೊಡ್ಡ ಕಾರು ಗುಜರಿಯಲ್ಲಿ ಸಿಕ್ಕಿತು. ಅದರ ಇಂಜಿನ್ನಿಗೆ ಏನೂ ಆಗಿರಲಿಲ್ಲ. ಸರಪಳಿ ಕಟ್ಟಿ ಹಳೆಯ ಇಂಜಿನ್ ಮೇಲೆತ್ತಿದ ದಿನ ನಾನೂ ಇದ್ದೆ. ಖಾಲಿಯಾದ ಆ ಜಾಗ ನೋಡಿದರೆ ಇದರಲ್ಲಿ ಹೊಸದು ಎಂದೂ ಹಿಡಿಸುವುದಿಲ್ಲ ಅನಿಸಿತು. ಹಿಡಿಸಲೂ ಇಲ್ಲ. ಇಂಜಿನ್ ಕೂರುವ ಕಬ್ಬಿಣದ ಹಿಡಿಕೆಗಳನ್ನು ಕತ್ತರಿಸಿ ಬೇರೆ ಬೆಸುಗೆ ಹಾಕಿದರು. ರೇಡಿಯೇಟರ್ ಮುಂದಕ್ಕೆ ಸರಿಸಿದರು. ವೈರುಗಳನ್ನೆಲ್ಲ ಬಿಚ್ಚಿ ಶಾವಿಗೆ ಒಣಹಾಕಿದಂತೆ ನೆಲಕ್ಕೆ ಹರಡಿದರು. ಅಕ್ಕ ಸೀರೆ ಎತ್ತಿ ಕಟ್ಟಿ, ಒಂದು ತಗಡಿನ ಬೋಗುಣಿಯಲ್ಲಿ ಸೀಮೆಎಣ್ಣೆ ಹಾಕಿಕೊಂಡು ಬೋಲ್ಟುಗಳನ್ನು ತೊಳೆಯುತ್ತ ಕೂರುತ್ತಿದ್ದಳು. ಕಡಲೆ ಬಿತ್ತಿ ಕೈ ಖಾಲಿಯಾದರೆ ಸಾಕು, ಬಸ್ಸು ಹತ್ತಿ ಹುಬ್ಬಳ್ಳಿಗೆ. ಮಿಸ್ತ್ರಿಯ ಮನೆಯವರು ಆಕೆಗೆಂದು ಸಕ್ಕರೆ ಕಡಿಮೆ ಹಾಕಿ ಚಹಾ ಮಾಡುವುದನ್ನು ರೂಢಿ ಮಾಡಿಕೊಂಡರು.

ಎಲ್ಲ ಮುಗಿದು ಮುಚ್ಚಬೇಕಾದರೆ ಬಾನೆಟ್ ಮುಚ್ಚಲಿಲ್ಲ. ಹೊಸ ಇಂಜಿನ್ನಿನ ತಲೆ ಮೇಲೆದ್ದಿತ್ತು. ಮಿಸ್ತ್ರಿ ಬಾನೆಟ್ಟಿನ ನಡುವೆ ಕತ್ತರಿಸಿ ಎತ್ತಿನ ಬೆನ್ನ ಮೇಲಿನ ಇಣಿಯ ಹಾಗೆ ಒಂದು ಉಬ್ಬು ಕೂರಿಸಿದರು. ಅಕ್ಕನಿಗೆ ಎಲ್ಲಕ್ಕಿಂತ ಹೆಚ್ಚು ಸೇರಿದ್ದು ಆ ಉಬ್ಬೇ. ಆರ್‌ಟಿಒ ಕಚೇರಿಗೆ ಅಲೆದು ಇಂಜಿನ್ ಬದಲಾದದ್ದನ್ನು ಬರೆಸುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲ ದಿನ ಗದಗ ರಸ್ತೆಯಲ್ಲಿ ಹೊದಿಕೆ ಮಡಚಿ ಓಡಿಸಿದಳು. ಪಕ್ಕದಲ್ಲಿ ನಾನು. ಎರಡೂ ಕಡೆ ಕಡಲೆ ಹಸಿರು. ಗಾಡಿ ಗುಡುಗಿ ಮುಂದಕ್ಕೆ ಹಾರಿದಾಗ ನನ್ನ ಬೆನ್ನು ಸೀಟಿಗೆ ಒತ್ತಿತು. ಅಕ್ಕ ಬಾಯಿ ತೆರೆದು ನಗುತ್ತಿದ್ದಳು. ಗಾಳಿಗೆ ಅವಳ ಸೆರಗು ನನ್ನ ಮುಖಕ್ಕೆ ಬಡಿಯುತ್ತಿತ್ತು. ಅವಳು ಹಾಗೆ ನಕ್ಕದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ಊರಿಗೆ ಬಂದು ಇಳಿಯುವಾಗ ಅವಳು ಎಡಮೊಣಕಾಲು ತಿಕ್ಕಿಕೊಂಡಳು. "ಎಲ್ಲಾ ಛಲೋ ಆಗೇತಿ. ಕ್ಲಚ್ ಒಂದು ಭಾಳ ಬಿರುಸು."

ದೊಡ್ಡ ಇಂಜಿನ್ನಿಗೆ ದೊಡ್ಡ ಕ್ಲಚ್, ಬಿರುಸು ಇರುವುದೇ ಎಂದು ಎಲ್ಲರೂ ಅಂದುಕೊಂಡೆವು. ಆದರೆ ವಾರ ಕಳೆದಂತೆ ಅದು ಇನ್ನೂ ಬಿರುಸಾಗುತ್ತ ಹೋಯಿತಂತೆ. ಮಿಸ್ತ್ರಿ ಕೇಬಲ್ ಬದಲಿಸಿದರು. ಅಕ್ಕ ಓಡಿಸಿ ನೋಡಿ ತಲೆಯಾಡಿಸಿದಳು. ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಪ್ಲೇಟೇ ಬೇರೆ ಹಾಕಿದರು. ಮತ್ತೆ ಓಡಿಸಿದಳು. ಗ್ಯಾರೇಜಿನ ಬಾಗಿಲಲ್ಲೇ ಗಾಡಿ ಜಿಗಿದು ಬಂದ್ ಬಿತ್ತು.

"ಇದರಾಗ ಏನೋ ಐತ್ರಿ. ತುಳದ್ರ ಕೆಳಗ ಹೋಗವಲ್ದು" ಅಂದಳು ಬೆವರು ಒರೆಸಿಕೊಳ್ಳುತ್ತ.

"ಅಕ್ಕಾರ, ಸ್ವಲ್ಪ ಇಳೀರಿ" ಅಂದು ಮಿಸ್ತ್ರಿ ತಾವೇ ಕೂತು ತುಳಿದರು. ಮತ್ತೊಮ್ಮೆ ತುಳಿದರು. ಇಳಿದು ನನಗೆ ಕೂರಲು ಸನ್ನೆ ಮಾಡಿದರು. ನಾನು ಕೂತು ಕಾಲಿಟ್ಟೆ. ಪೆಡಲ್ ಬೆಣ್ಣೆಯ ಹಾಗೆ ಕೆಳಗಿಳಿಯಿತು.

ಅಕ್ಕ ಬಾಗಿಲಿಗೆ ಕೈಯೂರಿ ನಿಂತಿದ್ದಳು. ನನ್ನ ಕಾಲನ್ನೇ ನೋಡುತ್ತಿದ್ದಳು. ಆಮೇಲೆ ತನ್ನ ಕಾಲು ನೋಡಿಕೊಂಡಳು.

"ಹಂಗಾರ ಗಾಡೀದಲ್ಲ, ನಂದು" ಅಂದಳು.

ಆಗ ನನ್ನ ಹೆಂಡತಿ ಹೇಳಿದ್ದು ನೆನಪಾಯಿತು. ಇತ್ತೀಚೆಗೆ ಅಕ್ಕನ ಎಡಗಾಲಿನ ಚಪ್ಪಲಿ ನಡೆಯುವಾಗ ಕಳಚಿ ಬೀಳುತ್ತದೆ, ಅವರಿಗೆ ಗೊತ್ತೇ ಆಗುವುದಿಲ್ಲ ಎಂದಿದ್ದಳು.

ಹುಬ್ಬಳ್ಳಿಯಲ್ಲಿ ತೋರಿಸಿದೆವು, ಧಾರವಾಡದಲ್ಲಿ ತೋರಿಸಿದೆವು. ಸೂಜಿ ಚುಚ್ಚಿ, ಕರೆಂಟು ಹಾಯಿಸಿ ನೋಡಿದರು. ಕೊನೆಗೆ ಒಬ್ಬ ವಯಸ್ಸಾದ ಡಾಕ್ಟರು ಕುರ್ಚಿ ಹತ್ತಿರ ಎಳೆದುಕೊಂಡು ಕೂತು ನಿಧಾನವಾಗಿ ಹೇಳಿದರು. ಸ್ನಾಯುಗಳಿಗೆ ಹೇಳಿ ಕೆಲಸ ಮಾಡಿಸುವ ನರಗಳು ಒಂದೊಂದಾಗಿ ಒಣಗುತ್ತಿವೆ. ಕಾಲಿನಿಂದ ಶುರುವಾಗಿದೆ. ಬುದ್ಧಿಗೆ ಏನೂ ಆಗುವುದಿಲ್ಲ. ತಡೆಯುವ ಔಷಧಿ ಇಲ್ಲ.

ಅಕ್ಕ ಕೇಳಿದ್ದು ಒಂದೇ ಮಾತು. "ಕೈಗೆ ಯಾವಾಗ ಬರತೈತ್ರಿ?"

"ಅದನ್ನ ಹೇಳಾಕ ಬರೂದಿಲ್ಲವಾ" ಅಂದರು ಡಾಕ್ಟರು.

ಸುದ್ದಿ ಕೇಳಿ ಮಿಸ್ತ್ರಿ ಮನೆಗೇ ಬಂದರು. ಹಳೆಯ ಸಣ್ಣ ಇಂಜಿನ್ನನ್ನು ಗೋಣಿಚೀಲ ಸುತ್ತಿ ಇಟ್ಟಿದ್ದರಂತೆ. "ಅದನ್ನ ತಿರುಗಿ ಹಾಕತೇನ್ರಿ ಅಕ್ಕಾರ. ಅದರ ಕ್ಲಚ್ ಭಾಳ ಹಗುರ ಇತ್ತು. ಒಂದಿಷ್ಟು ದಿನ ಓಡಿಸ್ತೀರಿ."

ಅಕ್ಕ ನಕ್ಕಳು. "ಸಣ್ಣ ಇಂಜಿನ್ ಹಾಕಿದ್ರ ನನ್ನ ಕಾಲು ದೊಡ್ಡದಾಗತೈತೇನ್ರಿ? ಇರಲಿ ಬಿಡ್ರಿ. ಇದು ಇದ್ದಂಗ ಇರಲಿ."

ಮಿಸ್ತ್ರಿ ಅಂಗಳಕ್ಕೆ ಹೋಗಿ ಬಾನೆಟ್ ಎತ್ತಿದರು. ಬಹಳ ಹೊತ್ತು ಅದರೊಳಗೆ ತಲೆ ಹಾಕಿಕೊಂಡೇ ಇದ್ದರು. ಅಲ್ಲಿ ಮಾಡುವ ಕೆಲಸ ಏನೂ ಇರಲಿಲ್ಲ.

ಆಮೇಲಿನದೆಲ್ಲ ನಾನು ಓಡಿಸಿದ್ದು. ಅಕ್ಕ ಎಡಗಡೆ ಸೀಟಿನಲ್ಲಿ. ಆದರೆ ಅವಳು ಸುಮ್ಮನೆ ಕೂರಲಿಲ್ಲ. ನಾನು ಗೇರ್ ಬದಲಿಸುವುದು ಅವಳಿಗೆ ಸೇರುತ್ತಿರಲಿಲ್ಲ. "ಸಾಲಿ ಗಂಟಿ ಬಾರಿಸಿದಂಗ ಬದಲಸ್ತೀ" ಎಂದು ಬೈದು, ಗೇರಿನ ಮೇಲಿದ್ದ ನನ್ನ ಕೈ ಸರಿಸಿ ತನ್ನ ಬಲಗೈ ಇಟ್ಟಳು. "ನೀ ಕಾಲಿಂದು ನೋಡ್ಕೋ. ಕೈದು ನಂದು."

ಹಾಗೆ ಇಬ್ಬರೂ ಸೇರಿ ಓಡಿಸುವುದು ರೂಢಿಯಾಯಿತು. ಇಂಜಿನ್ನಿನ ಸದ್ದು ಒಂದು ಎತ್ತರಕ್ಕೆ ಬಂದಾಗ ಅವಳು "ಹೂಂ" ಅನ್ನುವಳು, ನಾನು ಕ್ಲಚ್ ತುಳಿಯುವೆ, ಅವಳ ಕೈ ಗೇರನ್ನು ಸರಕ್ಕನೆ ಎಳೆಯುವುದು. ಸ್ವಲ್ಪ ದಿನಕ್ಕೆ ಹೂಂಗುಟ್ಟುವುದೂ ಬೇಡವಾಯಿತು. ರವಿವಾರ ಬಂದರೆ ನವಲಗುಂದದ ಕಡೆಗೋ ಹುಬ್ಬಳ್ಳಿಯ ಕಡೆಗೋ ಹೊರಡುತ್ತಿದ್ದೆವು. ಚಿಕ್ಕಂದಿನಲ್ಲಿ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ತಿರುಗುತ್ತಿದ್ದ ಅಕ್ಕನ ಜೊತೆ ನಾನು ಅಷ್ಟು ಹೊತ್ತು ಕಳೆದದ್ದು ಎಷ್ಟೋ ವರ್ಷಗಳ ಮೇಲೆ. ಹೊಲದ ಮಾತು, ಅವ್ವನ ಮಾತು, ತಾನು ಯಾಕೆ ಮದುವೆ ಬೇಡ ಅಂದೆ ಅನ್ನುವುದನ್ನೂ ಅವಳು ಹೇಳಿದ್ದು ಆ ಕಾರಿನಲ್ಲೇ. "ಒಲ್ಲೆ ಅನಿಸಿತು, ಒಲ್ಲೆ ಅಂದೆ. ಮಂದಿ ಏನೇನೋ ಕತಿ ಕಟ್ಟಿದರು" ಅಂದಳು, ಅಷ್ಟೇ.

ಬೇಸಿಗೆ ಕಳೆಯುವ ಹೊತ್ತಿಗೆ ಬಲಗೈ ಸೋಲತೊಡಗಿತು. ಗೇರು ಅರ್ಧಕ್ಕೆ ನಿಲ್ಲುತ್ತಿತ್ತು. ನಾನು ಅವಳ ಕೈಯ ಮೇಲೆ ಕೈಯಿಟ್ಟು ಸ್ವಲ್ಪ ದೂಡುತ್ತಿದ್ದೆ. ಒಂದು ದಿನ ಅವಳು ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು, ಮತ್ತೆ ಎತ್ತಲಿಲ್ಲ. ಆಮೇಲೆ ಅವಳ ಮುಖ ನೋಡಿಕೊಂಡು ನಾನೇ ಗೇರ್ ಬದಲಿಸುತ್ತಿದ್ದೆ.

ನಾಲಿಗೆ ತೊಡರಿ ಮಾತು ಹೋದ ಮೇಲೆ ಕಣ್ಣಲ್ಲೇ ಹೇಳುವುದಾಯಿತು. ರೆಪ್ಪೆ ಒಮ್ಮೆ ಮುಚ್ಚಿದರೆ ಹೌದು, ಬೇರೆ ಕಡೆ ನೋಡಿದರೆ ಬೇಡ. ನನ್ನ ಹೆಂಡತಿ ಅವಳಿಗೆ ರಾಗಿ ಗಂಜಿ ಕುಡಿಸುತ್ತಿದ್ದಳು, ತಲೆ ಬಾಚುತ್ತಿದ್ದಳು. ಡಾಕ್ಟರು ಇನ್ನೊಂದು ಮಾತು ಹೇಳಿದ್ದರು. ಈ ರೋಗದಲ್ಲಿ ನಗು ಅಳು ಎರಡೂ ಹಿಡಿತ ತಪ್ಪುತ್ತವೆ, ಸಂತೋಷಕ್ಕೆ ಅಳಬಹುದು, ದುಃಖಕ್ಕೆ ನಗಬಹುದು, ನೀವು ಗಾಬರಿಯಾಗಬೇಡಿ ಎಂದು.

ಕೊನೆಯ ಸಲ ಯಮನೂರಿಗೆ ಹೋದೆವು. ಅಕ್ಕ ವರ್ಷಕ್ಕೊಮ್ಮೆಯಾದರೂ ಅಲ್ಲಿಯ ದರ್ಗಾಕ್ಕೆ ಸಕ್ಕರೆ ಒಯ್ಯುತ್ತಿದ್ದಳು. ನಾನು ಅವಳನ್ನು ಎತ್ತಿ ಸೀಟಿನಲ್ಲಿ ಕೂರಿಸಿದೆ. ಅವಳು ಎಷ್ಟು ಹಗುರಾಗಿದ್ದಳೆಂದರೆ ಎತ್ತುವಾಗ ನನಗೆ ಹೆದರಿಕೆಯಾಯಿತು. ಹೆಂಡತಿ ತಲೆ ವಾಲದಂತೆ ಟವೆಲ್ಲಿನಿಂದ ಸೀಟಿಗೆ ಕಟ್ಟಿದಳು. ದರ್ಗಾದ ಮುಂದೆ ಇಳಿಸಲಾಗಲಿಲ್ಲ. ಗಾಡಿಯಲ್ಲೇ ಕೂತಿದ್ದ ಅವಳ ನೆತ್ತಿಗೆ ಅಲ್ಲಿಯ ಅಜ್ಜ ನವಿಲುಗರಿ ಸವರಿ, ಹಣೆ ಮುಟ್ಟಿ ಕಳಿಸಿದ.

ತಿರುಗಿ ಬರುವಾಗ ರಸ್ತೆ ಖಾಲಿ ಇತ್ತು. ನಾನು ವೇಗವಾಗಿ ಓಡಿಸುವವನಲ್ಲ. ಅವತ್ತು ಓಡಿಸಿದೆ. ಇಂಜಿನ್ ಗುಡುಗಿತು, ಅವಳ ಸೆರಗು ಹಾರಿತು. ನೋಡಿದರೆ ಅಕ್ಕ ಅಳುತ್ತಿದ್ದಳು. ಬಾಯಿ ಓರೆಯಾಗಿ, ಗಲ್ಲದ ಮೇಲೆ ನೀರು ಹರಿದು, ಸದ್ದು ಬಾರದ ಅಳು.

"ಸಾವಕಾಶ ಹೋಗೂಣೇನಕ್ಕಾ?" ಅಂದೆ.

ಅವಳು ಕಣ್ಣು ಬೇರೆ ಕಡೆ ಹೊರಳಿಸಿದಳು. ಬೇಡ ಎಂದರ್ಥ. ನಾನು ಹಾಗೇ ಓಡಿಸಿದೆ. ಅದು ಯಾವ ಅಳು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಎಷ್ಟೋ ಸಲ ಹೆಂಡತಿಯ ಹತ್ತಿರ ಆ ಮಾತು ತೆಗೆದಿದ್ದೇನೆ. ಅವಳು ಪ್ರತಿ ಸಲ "ಸಂತೋಷದ್ದೇ ಇರಬೇಕು" ಅನ್ನುತ್ತಾಳೆ, ಹೇಳುವಾಗ ನನ್ನ ಮುಖ ನೋಡುವುದಿಲ್ಲ.

ಮರುವರ್ಷ ಹೆಸರುಕಾಯಿ ಬಿಡಿಸುವ ಕಾಲದಲ್ಲಿ, ಜಿಟಿಜಿಟಿ ಮಳೆಯ ಒಂದು ಮುಂಜಾನೆ ಅಕ್ಕ ಹೋದಳು. ಉಸಿರಾಡುವ ಸ್ನಾಯುಗಳೂ ಸೋತಿದ್ದವು. ನಮ್ಮವರ ಪದ್ಧತಿಯಂತೆ ಕೂಡ್ರಿಸಿ, ಹಣೆಗೆ ವಿಭೂತಿ ಹಚ್ಚಿ, ಹೊಲದಲ್ಲೇ ಅಪ್ಪ ಅವ್ವನ ಬಾಜು ಸಮಾಧಿ ಮಾಡಿದೆವು. ಎರೆ ಮಣ್ಣು ಎಲ್ಲರ ಕಾಲಿಗೆ ಮುದ್ದೆ ಮುದ್ದೆಯಾಗಿ ಹತ್ತಿತ್ತು. ಮಿಸ್ತ್ರಿ ಬಂದಿದ್ದರು. ಟೋಪಿ ತೊಯ್ಯಿಸಿಕೊಂಡು ಬದುವಿನ ಮೇಲೆ ನಿಂತಿದ್ದರು. ಹೋಗುವಾಗ ನನ್ನ ಎರಡೂ ಕೈ ಹಿಡಿದುಕೊಂಡರು.

ಕಾರನ್ನು ಒಂದೇ ಸಲ ಒಬ್ಬನೇ ಓಡಿಸಿದೆ. ಊರು ದಾಟಿ ಸ್ವಲ್ಪ ದೂರ ಹೋಗುವುದರೊಳಗೆ ಇಂಜಿನ್ ಚೀರತೊಡಗಿತು. ಏನೋ ಕೆಟ್ಟಿತೆಂದು ಗಾಬರಿಯಾದೆ. ನೋಡಿದರೆ ಗಾಡಿ ಇನ್ನೂ ಒಂದನೇ ಗೇರಿನಲ್ಲೇ ಇತ್ತು. ನಾನು ಅಕ್ಕನಿಗೆ ಕಾಯುತ್ತಿದ್ದೆ. ರಸ್ತೆಯ ಬಾಜು ನಿಲ್ಲಿಸಿದೆ. ಕುರಿ ಹೊಡೆದುಕೊಂಡು ಹೊರಟಿದ್ದವನೊಬ್ಬ ನಿಂತು, "ಗಾಡಿ ಕೆಟ್ಟೈತೇನ್ರಿ?" ಅಂದ. "ಇಲ್ರೀ" ಅಂದೆ. ಅವನು ನನ್ನ ಮುಖ ನೋಡಿ, ಕುರಿಗಳನ್ನು ಸುತ್ತುಹಾಕಿಸಿ ಮುಂದೆ ಹೋದ.

ಆಮೇಲೆ ಮಿಸ್ತ್ರಿಗೆ ಹೇಳಿ ಗಾಡಿ ಮಾರಿಸಿದೆ. ಕೊಲ್ಹಾಪುರದ ಕಡೆಯವರು ಒಯ್ದರು. ಒಳ್ಳೆಯವರಂತೆ. ನಾನು ನೋಡಲು ಹೋಗಲಿಲ್ಲ.

ಹೊಲವನ್ನು ಬೇರೆಯವರಿಗೆ ಕೋರಿಗೆ, ಬೆಳೆಯ ಪಾಲಿಗೆ, ಕೊಡು ಎಂದು ಎಲ್ಲರೂ ಹೇಳಿದರು. ಈ ವರ್ಷಕ್ಕೆ ಮನಸ್ಸು ಬರಲಿಲ್ಲ. ಸಾಲೆಗೆ ರಜೆ ಹಾಕಿ ಕಡಲೆ ಬಿತ್ತಲು ಟ್ರ್ಯಾಕ್ಟರ್ ಹತ್ತಿದೆ. ನಮ್ಮ ಹೊಲದಲ್ಲಿ ಮೊದಲಿನಿಂದ ಕೆಲಸ ಮಾಡುತ್ತಿದ್ದ ಹೆಣ್ಣುಮಗಳೊಬ್ಬಳು ಬದುವಿನ ಮೇಲೆ ನಿಂತು ನಾನು ಒಂದು ಸುತ್ತು ಮುಗಿಸುವವರೆಗೂ ನೋಡಿದಳು. ಹತ್ತಿರ ಬಂದಾಗ ಸೆರಗನ್ನು ಬಾಯಿಗೆ ಹಿಡಿದು ಹೇಳಿದಳು.

"ಸಾಲು ಸೊಟ್ಟ ಆಗ್ಯಾವ್ರಿ, ಮಾಸ್ತರ."

"ಹೌದವಾ, ಸೊಟ್ಟ ಆಗ್ಯಾವ" ಅಂದು ಟ್ರ್ಯಾಕ್ಟರ್ ಹೊಳ್ಳಿಸಿ ಮುಂದಿನ ಸಾಲು ಹಿಡಿದೆ.